ಮೂರು ಗೆರೆಗಳ ಕೆಳಗಿನ ಬರಹ

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್‌ಗೆ, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ, ಟಚ್‌ಸ್ಕ್ರೀನನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವೊಂದು ಸೇರಬೇಕಾದರೆ, ಬರೆದವರು ಅದನ್ನು ಪ್ಯಾಚ್ ಎಂಬ ತಿದ್ದುಪಡಿಯ ರೂಪದಲ್ಲಿ ಕಳುಹಿಸಿ, ಪರಿಶೀಲಕರ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರಿಸಬೇಕಾಗುತ್ತದೆ. ಡ್ರೈವರ್ ಬರೆಯುವುದಕ್ಕಿಂತ ಈ ಉತ್ತರಿಸುವಿಕೆಯೇ ಹೆಚ್ಚು ನಯವಾದ ಕಸುಬು ಎನ್ನಬಹುದು.

ಬೆರಳು ತಾಗಿದೊಡನೆ ಪರದೆಯ ಚಿಪ್ ಪ್ರೊಸೆಸರ್‌ಗೆ ನೀಡುವ ಇಂಟರಪ್ಟ್ ಎಂಬ ಸೂಚನೆಯನ್ನು ಸ್ವೀಕರಿಸುವ ಭಾಗದಲ್ಲೇ, ಐ2ಸಿ ಎಂಬ ಎರಡು ತಂತಿಗಳ ನಿಧಾನಗತಿಯ ಸಂಪರ್ಕದ ಮೂಲಕ ಬೆರಳಿನ ಸ್ಥಾನವನ್ನು ಓದಲು ಹೊರಟರೆ ಪರಿಶೀಲಕರು ಸುಮ್ಮನಿರುವುದಿಲ್ಲ. ಏಕೆಂದರೆ ಆ ಓದು ಮುಗಿಯುವವರೆಗೆ ಕಾಯಬೇಕಾಗುತ್ತದೆ; ಆದರೆ ಇಂಟರಪ್ಟ್ ನಡೆಯುತ್ತಿರುವಾಗ ಹಾಗೆ ನಿದ್ರಿಸಿ ಕಾಯಲು ಕರ್ನಲ್‌ನಲ್ಲಿ ಅವಕಾಶವಿಲ್ಲ. ಬಲ್ಲವರು ಕೋಡ್‌ನ ಆ ಸಾಲಿಗೆ ತೇಪೆ ಹಾಕಿ ಕೈತೊಳೆದುಕೊಳ್ಳದೆ, ಓದುವ ಕೆಲಸವನ್ನು ಥ್ರೆಡ್ ಎಂಬ ಪ್ರತ್ಯೇಕ ಎಳೆಗೆ ವರ್ಗಾಯಿಸಿ, ಅದೇ ತಪ್ಪು ಬೇರೆಡೆ ಅಡಗಿದೆಯೇ ಎಂದೂ ಹುಡುಕುತ್ತಾರೆ. ಆಕ್ಷೇಪವೇ ತಪ್ಪಾಗಿದ್ದರೆ ಚಿಪ್‌ನ ಕೈಪಿಡಿಯನ್ನು ಮುಂದಿಟ್ಟು ವಾದಿಸುವುದೂ ಸಲ್ಲುತ್ತದೆ. ಸಲ್ಲದಿರುವುದು ಮೌನ ಮಾತ್ರ.

ಹೀಗೆ ತಿದ್ದಿ ಮತ್ತೆ ಕಳುಹಿಸುವ ಎರಡನೆಯ ಆವೃತ್ತಿಯಲ್ಲಿ ಏನೇನು ಬದಲಾಯಿತೆಂಬುದನ್ನು ಪ್ಯಾಚ್‌ನ ವಿವರಣೆಯ ನಂತರದ ಮೂರು ಕಿರುಗೆರೆಗಳ ಕೆಳಗೆ ನಮೂದಿಸುವುದು ರೂಢಿ. ಸೋಜಿಗವೆಂದರೆ, ಅಷ್ಟು ಶ್ರದ್ಧೆಯಿಂದ ಬರೆದ ಆ ಸಾಲುಗಳು, ಪ್ಯಾಚ್ ಅಂಗೀಕೃತವಾದಾಗ, ಬದಲಾವಣೆಗಳ ಇತಿಹಾಸವನ್ನು ಕಾಯ್ದಿಡುವ ಗಿಟ್‌ನ ದಾಖಲೆಯನ್ನು ಸೇರುವುದೇ ಇಲ್ಲ.