ಪತ್ರಿಕೆಯ ಕೀರ್ತಿಯೂ ಲೇಖಕರ ಪುರಸ್ಕಾರವೂ

ನಾಲವಾರಕ್ಕೆ ನೆರೆಯದಾದ ಸೇಡಂ ಸೀಮೆಯಲ್ಲಿ, ಕಾಗಿಣಾ ನದಿಯ ದಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟವು ಇಂದು ಮಳಖೇಡವೆಂಬ ಹೆಸರಿನಿಂದ ಉಳಿದಿದೆ. ಹತ್ತನೆಯ ಶತಮಾನದಲ್ಲಿ ಆ ವಂಶದ ಮುಮ್ಮಡಿ ಕೃಷ್ಣನು ಪೊನ್ನನಿಗೆ ಉಭಯಕವಿಚಕ್ರವರ್ತಿಯೆಂಬ ಬಿರುದನ್ನಿತ್ತನು. ಅಲ್ಲಿ ಕವಿಗೂ ಪುರಸ್ಕರ್ತನಿಗೂ ನಡುವೆ ಮೂರನೆಯವರಾರೂ ನಮ್ಮ ಕಣ್ಣಿಗೆ ಬೀಳರು. ನಮ್ಮ ಕಾಲದಲ್ಲಾದರೋ ಆ ನಡುವೆ ಸಾಹಿತ್ಯ ಪತ್ರಿಕೆಯೊಂದು ನಿಂತಿರುತ್ತದೆ. ತನ್ನ ಲೇಖಕರಿಗೆ ಗೌರವ ಸಂದಾಗ ಅದು ಹಿಗ್ಗುವುದು ಸಹಜವೇ. ಆ ಹಿಗ್ಗಿಗೆ ಆಧಾರವೇನೆಂಬುದು ವಿಚಾರಾರ್ಹವಾದ ವಿಷಯ.

ಇದಕ್ಕೆ ‘ಪ್ರಬುದ್ಧ ಕರ್ಣಾಟಕ’ದಂತಹ ನಿದರ್ಶನ ಬೇರೊಂದು ದೊರೆಯಲಾರದು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದ ಆಶ್ರಯದಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಇದನ್ನು ತ್ರೈಮಾಸಿಕವಾಗಿ ಹೊರಡಿಸಿದರು. ಇದರಲ್ಲಿ ಬರೆದವರ ಪೈಕಿ ಕುವೆಂಪು ಅವರಿಗೆ 1955ರಲ್ಲಿ ‘ಶ್ರೀರಾಮಾಯಣದರ್ಶನಂ’ ಕಾವ್ಯಕ್ಕಾಗಿಯೂ, ಮಾಸ್ತಿಯವರಿಗೆ 1968ರಲ್ಲಿ ‘ಸಣ್ಣ ಕತೆಗಳು’ ಕೃತಿಗಾಗಿಯೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಜ್ಞಾನಪೀಠವು ಕುವೆಂಪು ಅವರಿಗೆ 1967ನೆಯ ಸಾಲಿನಲ್ಲಿಯೂ ಮಾಸ್ತಿಯವರಿಗೆ 1983ನೆಯ ಸಾಲಿನಲ್ಲಿಯೂ ಸಂದಿತು. ಪಟ್ಟಿಯನ್ನು ಇನ್ನೂ ಬೆಳೆಯಿಸಬಹುದು, ಬೆಳೆಯಿಸಿದರೆ ಪ್ರಯೋಜನವಿಲ್ಲ.

ಏಕೆಂದರೆ ಪತ್ರಿಕೆ ಹುಟ್ಟಿದಾಗ ಈ ಪ್ರಶಸ್ತಿಗಳಾವುವೂ ಇರಲಿಲ್ಲ. ಅಕಾಡೆಮಿ ಸ್ಥಾಪಿತವಾದುದು 1954ರಲ್ಲಿ. ಜ್ಞಾನಪೀಠವು ಮೊದಲು ಸಂದುದು 1965ನೆಯ ಸಾಲಿಗೆ. ಹೊಸಗನ್ನಡದಲ್ಲಿ ಗಂಭೀರ ವಿಷಯವನ್ನು ಬರೆಯಬಹುದೇ ಎಂಬ ಸಂದೇಹವೇ ವಿದ್ಯಾವಂತರನ್ನು ಕಾಡುತ್ತಿದ್ದ ಕಾಲವದು. ಅಂದು ಹೆಸರಿಲ್ಲದ ತರುಣನ ಲೇಖನವನ್ನು ಓದಿ, ಇದು ನಿಲ್ಲತಕ್ಕದ್ದೆಂದು ನಿರ್ಣಯಿಸಿದ ಸಂಪಾದಕನ ವಿವೇಕವೇ ಪತ್ರಿಕೆಯ ನಿಜವಾದ ಆಸ್ತಿ. ಪ್ರಶಸ್ತಿಯು ಪುಸ್ತಕವನ್ನು ಕಾಣುತ್ತದೆಯೇ ಹೊರತು ಈ ವಿವೇಕವನ್ನು ಕಾಣದು. ಸ್ವತಃ ಶಾಸ್ತ್ರಿಗಳಿಗೆ 1961ರಲ್ಲಿ ಅಕಾಡೆಮಿಯ ಗೌರವ ದೊರೆತುದು ‘ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರ’ ಎಂಬ ಗ್ರಂಥಕ್ಕೆ, ಅವರ ಸಂಪಾದಕತ್ವಕ್ಕಲ್ಲ. ಗ್ರಂಥವು ಯೋಗ್ಯವಾದುದೇ ಸರಿ. ಆದರೂ ಕನ್ನಡಕ್ಕೆ ಅವರಿಂದಾದ ಉಪಕಾರವನ್ನು ಅದೊಂದರಿಂದ ಅಳೆಯುವವನು ಮೋಸಹೋಗುತ್ತಾನೆ.

ಇನ್ನು ಟಿ. ಎಸ್. ವೆಂಕಣ್ಣಯ್ಯನವರ ವಿಷಯ. ಪ್ರಶಸ್ತಿಗಳ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಇರುವುದು ಶಕ್ಯವೂ ಅಲ್ಲ, 1939ರಲ್ಲಿಯೇ ಅವರು ತೀರಿಕೊಂಡರು. ಆದರೆ ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದುದು ಈ ಗುರುವಿಗೇ. ಪ್ರಶಸ್ತಿ ಪಡೆದ ಕೃತಿಯ ಮೊದಲಲ್ಲಿಯೇ ಪ್ರಶಸ್ತಿ ಕಾಣದವರ ಋಣವು ಒಪ್ಪಲ್ಪಟ್ಟಿರುವಾಗ, ಪತ್ರಿಕೆಗಳ ಅಭಿನಂದನ ಲೇಖನಗಳು ಅಂಥವರನ್ನು ಮರೆಯುವುದು ನನಗೆ ನ್ಯಾಯವಾಗಿ ತೋರದು.

ನಮ್ಮ ಕಡೆಯ ಮಾತನ್ನೂ ಇಲ್ಲಿ ಹೇಳಬೇಕು. ಕಲಬುರಗಿಯ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಅಕಾಡೆಮಿಯ ಪ್ರಶಸ್ತಿ ಸಂದಿತು. ಕನ್ನಡದ ಲೇಖಕಿಯರಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಅದರಲ್ಲಿ ಈ ಸೀಮೆಯ ಆಡುನುಡಿಯು ತಿದ್ದುಪಡಿಗೆ ಒಳಗಾಗದೆ ನಿಂತಿದೆ. ಇಂಥ ನುಡಿಯನ್ನು ‘ಶುದ್ಧ’ಗೊಳಿಸದೆ ಅಚ್ಚಿಗೆ ಕಳುಹಿಸುವ ಸಂಪಾದಕನಿಗೆ ಎಷ್ಟು ಧೈರ್ಯ ಬೇಕೆಂಬುದನ್ನು ಕರಡು ತಿದ್ದಿದವರೇ ಬಲ್ಲರು. ಆದಕಾರಣ ತನ್ನ ಲೇಖಕರ ಗೆಲವನ್ನು ಕೊಂಡಾಡುವ ಪತ್ರಿಕೆಯು ಪ್ರತಿಯೊಂದು ಹೆಸರಿನ ಎದುರಿಗೆ, ಆ ಲೇಖಕನ ಮೊದಲ ಬರಹವು ತನ್ನ ಯಾವ ಸಂಚಿಕೆಯಲ್ಲಿ, ಯಾರ ಸಂಪಾದಕತ್ವದಲ್ಲಿ ಅಚ್ಚಾಯಿತೆಂಬುದನ್ನು ನಮೂದಿಸಲಿ.