ಸ್ಪ್ಯಾನಿಷ್‌ನ ‘ಕಂಡೀಷನಲ್’: ಹೆಸರಿನ ಬಗೆಗೊಂದು ತಕರಾರು

ಸ್ಪ್ಯಾನಿಷ್ ಕ್ರಿಯಾಪದಗಳ ರೂಪಾವಳಿಯಲ್ಲಿ ಕಂಡೀಷನಲ್‌ನಷ್ಟು ನಿರಾಯಾಸವಾದುದು ವಿರಳ. ‘ಮಾತನಾಡು’ ಎಂಬರ್ಥದ ‘ಅಬ್ಲಾರ್’ ಧಾತುವಿನ ಪೂರ್ಣರೂಪವನ್ನು ಹಾಗೆಯೇ ಉಳಿಸಿಕೊಂಡು ಪ್ರತ್ಯಯ ಹಚ್ಚಿದರೆ ಸಾಕು: ಅಬ್ಲರೀಯಾ, ಅಬ್ಲರೀಯಾಸ್, ಅಬ್ಲರೀಯಾ, ಅಬ್ಲರೀಯಾಮೋಸ್, ಅಬ್ಲರೀಯಾಯಿಸ್, ಅಬ್ಲರೀಯಾನ್. ಉಳಿದೆಡೆ ಬೇರೆಬೇರೆಯಾಗಿ ನಡೆಯುವ ಮೂರೂ ಧಾತುಗಣಗಳು ಇಲ್ಲಿ ಒಂದೇ ಪ್ರತ್ಯಯಗಳನ್ನು ಪಡೆಯುತ್ತವೆ. ಏಕವಚನದ ಉತ್ತಮ ಮತ್ತು ಪ್ರಥಮ ಪುರುಷಗಳು ಸಮರೂಪಿಗಳು. ಈ ಸೌಲಭ್ಯದಿಂದಾಗಿಯೇ ಪಠ್ಯಪುಸ್ತಕಗಳು ಕೋಷ್ಟಕವೊಂದನ್ನು ಮುದ್ರಿಸಿ ಮುಂದೆ ಸಾಗುತ್ತವೆ. ನನ್ನ ಆಕ್ಷೇಪವಿರುವುದು ಕೋಷ್ಟಕದ ಬಗ್ಗೆಯಲ್ಲ, ಅದರ ತಲೆಬರಹದ ಬಗ್ಗೆ.

‘ಸಿ ತುಬ್ಯೇರಾ ದಿನೇರೊ, ಕೊಂಪ್ರರೀಯಾ ಲಾ ಕಾಸಾ’, ಎಂದರೆ ‘ಹಣವಿದ್ದಿದ್ದರೆ ಮನೆ ಕೊಳ್ಳುತ್ತಿದ್ದೆ’. ಇಲ್ಲಿ ಷರತ್ತನ್ನು ಹೇಳುವುದು ‘ಸಿ’ ಉಪವಾಕ್ಯ. ಅದರ ಕ್ರಿಯಾಪದ ಸಬ್‌ಜಂಕ್ಟಿವ್‌ನಲ್ಲಿದೆ. ಕಂಡೀಷನಲ್ ರೂಪ ಬರುವುದು ಫಲವನ್ನು ಹೇಳುವ ವಾಕ್ಯದಲ್ಲಿ. ಹೆಸರನ್ನು ನಂಬಿದ ವಿದ್ಯಾರ್ಥಿ ‘ಸಿ ತೆಂದ್ರೀಯಾ’ ಎಂದು ಬರೆದರೆ ತಪ್ಪು ಅವನದಲ್ಲ. (ಬಾಸ್ಕ್ ಪ್ರಾಂತ, ಬುರ್ಗೋಸ್ ಮುಂತಾದೆಡೆ ಜನ ಹಾಗೆಯೇ ಆಡುವುದುಂಟು, ಶಿಷ್ಟ ವ್ಯಾಕರಣ ಅದನ್ನು ಒಪ್ಪುವುದಿಲ್ಲ.) ಇನ್ನು ‘ದಿಹೊ ಕೆ ಬೆಂದ್ರೀಯಾ’, ‘ಬರುತ್ತೇನೆಂದು ಹೇಳಿದನು’ ಎಂಬಲ್ಲಿ ಷರತ್ತಿನ ಸುಳಿವೇ ಇಲ್ಲ. ‘ಸೆರೀಯಾನ್ ಲಾಸ್ ದ್ಯೇಸ್’, ‘ಹತ್ತು ಗಂಟೆಯಾಗಿದ್ದಿರಬೇಕು’ ಎಂಬಲ್ಲಿಯೂ ಇಲ್ಲ.

ರೂಪದ ಚರಿತ್ರೆ ಹೆಸರಿಗಿಂತ ಪ್ರಾಮಾಣಿಕವಾಗಿದೆ. ಇದು ಧಾತುವಿನ ಪೂರ್ಣರೂಪಕ್ಕೆ ‘ಅಬೇರ್’ ಸಹಾಯಕ ಕ್ರಿಯಾಪದದ ಅಪೂರ್ಣ ಭೂತ ಸೇರಿ ಸವೆದ ಸಂಯುಕ್ತ. 1492ರಲ್ಲಿಯೇ ನೆಬ್ರಿಹಾ ಈ ಸಂಯೋಗವನ್ನು ಗುರುತಿಸಿದ್ದನು. ಹಳೆಯ ಸ್ಪ್ಯಾನಿಷ್‌ನಲ್ಲಿ ಈ ಎರಡು ಭಾಗಗಳ ನಡುವೆ ಸರ್ವನಾಮ ಬಂದು ಕೂರುತ್ತಿತ್ತು. ಪೋರ್ಚುಗೀಸಿನ ಗ್ರಾಂಥಿಕ ಶೈಲಿಯಲ್ಲಿ ಇಂದಿಗೂ ಕೂರುತ್ತದೆ. ಒಂದು ಭಾಗ ಮುಂದಕ್ಕೆ ನೋಡಿದರೆ ಇನ್ನೊಂದು ಭೂತದಲ್ಲಿ ನೆಲೆ ನಿಂತಿದೆ. ಭೂತದಲ್ಲಿ ನಿಂತು ಕಂಡ ಭವಿಷ್ಯವೇ ಇದರ ಮೂಲಾರ್ಥ. ಆಂದ್ರೇಸ್ ಬೆಲ್ಯೊ 1847ರ ತನ್ನ ವ್ಯಾಕರಣದಲ್ಲಿ ಇದನ್ನು ‘ಪೋಸ್‌ಪ್ರೆತೇರಿತೊ’, ಅಂದರೆ ಭೂತೋತ್ತರವೆಂದು ಕರೆದದ್ದು ಇದೇ ಕಾರಣಕ್ಕೆ. ಮೆಕ್ಸಿಕೊದ ಶಾಲೆಗಳಲ್ಲಿ ಆ ಹೆಸರು ಇನ್ನೂ ಬಳಕೆಯಲ್ಲಿದೆ. ಸ್ಪ್ಯಾನಿಷ್ ಅಕಾಡೆಮಿಯಾದರೋ 1931ರ ವ್ಯಾಕರಣದಲ್ಲಿ ಇದಕ್ಕೆ ‘ಪೊತೆನ್ಸಿಯಾಲ್’ ಎಂಬ ಪ್ರತ್ಯೇಕ ಅರ್ಥರೂಪದ ಸ್ಥಾನ ಕೊಟ್ಟು, 1973ರಲ್ಲಿ ನಿಶ್ಚಯಾರ್ಥದ ಕಾಲಗಳ ಸಾಲಿಗೆ ತಂದಿತು.

ಬೆಲ್ಯೊನ ಹೆಸರಿಗೂ ಒಂದು ತೊಡಕುಂಟು. ಈಗ ಕೈಯಲ್ಲಿಲ್ಲದ ಹಣದ ಮಾತಿನಲ್ಲಿ ಭೂತವೆಲ್ಲಿಂದ ಬಂತು? ಅದು ಕಾಲರೂಪದ ಲಾಕ್ಷಣಿಕ ಪ್ರಯೋಗವೆಂಬುದು ಅವನ ಉತ್ತರ. ಭೂತಪ್ರತ್ಯಯ ಇಲ್ಲಿ ಕಾಲದ ದೂರವನ್ನಲ್ಲ, ವಾಸ್ತವದಿಂದಿರುವ ದೂರವನ್ನು ಸೂಚಿಸುತ್ತದೆ. ಕನ್ನಡಿಗರಿಗೆ ಇದು ಹೊಸದೇನಲ್ಲ: ‘ಕೊಳ್ಳುತ್ತಿದ್ದೆ’ ಎಂಬುದೂ ರೂಪದಲ್ಲಿ ಅಪೂರ್ಣ ಭೂತವೇ. ಸ್ಪ್ಯಾನಿಷ್ ಆಡುಮಾತಿನಲ್ಲಿ ‘ಕೊಂಪ್ರರೀಯಾ’ ಬದಲಿಗೆ ಅಪೂರ್ಣ ಭೂತದ ‘ಕೊಂಪ್ರಾಬಾ’ ಬರುವುದನ್ನು ಕಂಡರೆ ಈ ಸಾದೃಶ್ಯ ಕೇವಲ ಆಕಸ್ಮಿಕವೆನಿಸುವುದಿಲ್ಲ.

ಆದರೂ ಕನ್ನಡದಲ್ಲಿ ವಿವರಿಸುವಾಗ ಈ ರೂಪಕ್ಕೆ ‘-ಬಹುದು’ ಎಂಬ ಒಂದೇ ಸಮಾನಪದ ಕೊಡುವ ರೂಢಿಗೆ ಆಧಾರವಿಲ್ಲ. ‘ಕೊಳ್ಳಬಹುದು’ ಎಂದರೆ ಬಾಗಿಲು ತೆರೆದಿದೆ. ‘ಕೊಳ್ಳುತ್ತಿದ್ದೆ’ ಎಂದರೆ ಮುಚ್ಚಿದೆ. ಪರೋಕ್ತಿಯಲ್ಲಿ ಇವೆರಡೂ ಸಲ್ಲವು: ಕನ್ನಡದ ‘ಎಂದು’ ಆಡಿದವನ ಕಾಲವನ್ನೂ ಪುರುಷವನ್ನೂ ಹಾಗೆಯೇ ಉಳಿಸಿಕೊಳ್ಳುವುದರಿಂದ ‘ಬರುತ್ತೇನೆ’ ಎಂಬ ನೇರ ರೂಪವೇ ನಿಲ್ಲುತ್ತದೆ. ಹಾಗಾಗಿ ಸ್ಪ್ಯಾನಿಷ್ ಒಂದೇ ರೂಪದಿಂದ ನಡೆಸುವ ಕೆಲಸವನ್ನು ಕನ್ನಡ ಮೂರು ಬಗೆಯಲ್ಲಿ ಹಂಚಿಕೊಂಡಿದೆ. ‘-ಬಹುದು’ ನಿಜಕ್ಕೂ ಹೊಂದುವುದು ವಿನಯದ ‘ಪೊದ್ರೀಯಾ’ದಲ್ಲಿ: ‘ತಾವು ಹೇಳಬಹುದೇ?’ ಆದರೆ ಅಲ್ಲಿ ಶಕ್ಯತೆಯ ಅರ್ಥ ‘ಪೊದೆರ್’ ಧಾತುವಿನದು, ಪ್ರತ್ಯಯದ್ದಲ್ಲ. ತಪ್ಪು ಸಮಾನಪದ ಬಹುಶಃ ಹುಟ್ಟಿದ್ದೇ ಅಲ್ಲಿಂದ.