ನೆರಳಿಗೆ ನೇರಳೆ

ಬೋರ್ಡು ಬರೆಯುವವನಿಗೆ ನೆರಳೆಂದರೆ ಕಪ್ಪು. ಗೊಬ್ಬರದಂಗಡಿ, ಮಿಲಿಟರಿ ಹೋಟೆಲ್, ಲಾರಿಯ ಹಿಂದಿನ ಹಲಗೆ, ಸಿಮೆಂಟ್ ಜಾಹೀರಾತಿನ ಗೋಡೆ, ಹೀಗೆ ಹುಣಸೂರಿನ ಸುತ್ತಮುತ್ತ ನಾನು ಬರೆದ ಅಕ್ಷರಗಳಿಗೆಲ್ಲ ಬಲಕ್ಕೂ ಕೆಳಕ್ಕೂ ಕಪ್ಪು ಶೇಡ್ ಎಳೆದಿದ್ದೇನೆ. ಹಾಗೆ ಎಳೆದರೇ ಅಕ್ಷರ ಗೋಡೆ ಬಿಟ್ಟು ಎದ್ದು ಬರುವುದು. ನೆರಳಿಗೂ ತನ್ನದೇ ಬಣ್ಣವಿದೆ ಎಂದು ನನಗೆ ತೋರಿಸಿಕೊಟ್ಟವರು ರುಮಾಲೆ ಚನ್ನಬಸವಯ್ಯ.

ಅವರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಚಿತ್ರ ಕಲಿಯಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆ ಸೇರಿದ್ದವರು, ಸ್ವಾತಂತ್ರ್ಯ ಚಳವಳಿಗೆಂದು ಅದನ್ನು ಬಿಟ್ಟರು. ಜೈಲು, ಸೇವಾದಳ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ ಎಂದು ದಶಕಗಳೇ ಕಳೆದವು. ಐವತ್ತು ದಾಟಿದ ಮೇಲೆ, ಅರವತ್ತರ ದಶಕದಲ್ಲಿ, ಮತ್ತೆ ಕುಂಚ ಹಿಡಿದರು. 1988ರಲ್ಲಿ ತೀರಿಕೊಳ್ಳುವ ತನಕ ಕೆಳಗಿಡಲಿಲ್ಲ. ಬಣ್ಣದ ಪೆಟ್ಟಿಗೆ ಹೊತ್ತು ಮರಗಳಿದ್ದಲ್ಲಿಗೇ ಹೋಗಿ ಬರೆದರು.

ಬೆಂಗಳೂರಿನಲ್ಲಿ ಅವರು ಬರೆದ ಮರವೊಂದರ ಮುಂದೆ ಗೇಣು ದೂರದಲ್ಲಿ ನಿಂತೆ. ಮರವೇ ಕಾಣಲಿಲ್ಲ. ಕೆಂಪು, ಕಿತ್ತಳೆ, ಅರಿಸಿನ, ನಡುನಡುವೆ ಗಿಳಿಹಸಿರು. ಉಜ್ಜಿ ಬೆರೆಸದೆ ಪಕ್ಕಪಕ್ಕ ಇಟ್ಟ ಚುಕ್ಕೆಗಳು, ಗೀರುಗಳು. ನಾಲ್ಕು ಹೆಜ್ಜೆ ಹಿಂದೆ ಸರಿದೆ. ಚುಕ್ಕೆಗಳೆಲ್ಲ ಒಂದರ ಕೈ ಒಂದು ಹಿಡಿದು ಮೇ ತಿಂಗಳ ಗುಲ್‌ಮೊಹರ್ ಆಗಿ ಹೊತ್ತಿಕೊಂಡವು. ಬುಡದಲ್ಲಿ ನೆರಳು. ಅಲ್ಲಿ ಕಪ್ಪು ಹುಡುಕಿದೆ, ಸಿಗಲಿಲ್ಲ. ನೇರಳೆ, ನೀಲಿ, ಒಳಗೆಲ್ಲೋ ಉದುರಿದ ಹೂವಿನ ಕೆಂಪು. ಬಿಸಿಲಲ್ಲಿ ನಡೆದು ಬಂದವನು ಹೋಗಿ ಕೂರಬಹುದಾದ ನೆರಳು ಅದು. ಅವರನ್ನು ವ್ಯಾನ್‌ಗೋನ ಜೊತೆ ಇಟ್ಟು ನೋಡುವವರಿದ್ದಾರೆ. ನನಗೆ ಆ ಹೋಲಿಕೆ ಬೇಕೆನಿಸುವುದಿಲ್ಲ. ವ್ಯಾನ್‌ಗೋನ ಮರ ಸುಳಿಸುಳಿಯಾಗಿ ಮೇಲೇಳುತ್ತದೆ. ರುಮಾಲೆಯವರ ಮರ ನಿಂತಲ್ಲೇ ಹೂಬಿಡುತ್ತದೆ.

ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ನಿಂತಿತು. ಈಗ ಬಯಲೇ ನನ್ನ ಅಂಗಡಿ. ಚುಂಚನಕಟ್ಟೆಯಲ್ಲಿ ಮಳೆಗಾಲದ ಕಾವೇರಿ ಬೆಳ್ಳಗಿರುವುದಿಲ್ಲ, ಹಾಲು ಕಮ್ಮಿಯಾದ ಚಹಾದ ಬಣ್ಣ; ನೊರೆಯ ಅಂಚಷ್ಟೇ ಬಿಳಿ. ಎಚ್.ಡಿ. ಕೋಟೆ ಕಡೆ ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ, ಎಂದೋ ಮುಳುಗಿದ ಮರಗಳು ಒಣಬೊಡ್ಡೆಗಳಾಗಿ ಮೇಲೆ ಕಾಣುತ್ತವೆ. ಬೂದು ಅನ್ನುತ್ತೇವೆ. ಸಂಜೆ ಹೊತ್ತು ಆ ಬೂದು ಬಣ್ಣದಲ್ಲಿ ಗುಲಾಬಿ ಇರುತ್ತದೆ.

ಕಳೆದ ಆಗಸ್ಟ್‌ನಲ್ಲಿ ಪಿರಿಯಾಪಟ್ಟಣದ ಹತ್ತಿರ, ದೂರಕ್ಕೆ ಬೆಟ್ಟದಪುರದ ಬೆಟ್ಟ ಕಾಣುವ ಹೊಲದಲ್ಲಿ ಕೂತು ಹೊಗೆಸೊಪ್ಪಿನ ಬ್ಯಾರನ್ ಬರೆಯುತ್ತಿದ್ದೆ. ಒಳಗೆ ಸೊಪ್ಪು ಬೇಯುತ್ತಿತ್ತು. ಜೇನು ಸುಟ್ಟಂಥ ಸಿಹಿಗಾಟು ಗಾಳಿಯಲ್ಲೆಲ್ಲ. ಗೋಡೆಯ ನೆರಳಿಗೆ ನೇರಳೆ ಇಟ್ಟೆ, ಅದರ ಪಕ್ಕ ಒಂದಿಷ್ಟು ನೀಲಿ. ಸೊಪ್ಪು ಕಟ್ಟುತ್ತಿದ್ದ ಅಜ್ಜಿ ಕೈ ಒರೆಸಿಕೊಂಡು ಬಂದು ಬೆನ್ನ ಹಿಂದೆ ನಿಂತರು. ತುಂಬ ಹೊತ್ತು ನೋಡಿದರು.

“ಗೋಡೆ ಹಿಂಗೇ ಇರ್ತದೆ ಕಣಪ್ಪ, ಈ ಹೊತ್ನಲ್ಲಿ. ಒಲೆ ಬಾಯತ್ರ ಮಾತ್ರ ಇನ್ನೊಸಿ ಕೆಂಪದೆ, ನೋಡು.”

ನೋಡಿದೆ. ನೆರಳಿನ ಒಳಗೇ, ಒಲೆಯ ಬಾಯಿಂದ ಗೇಣುದ್ದ ಮೇಲಕ್ಕೆ, ಹಳೇ ಇಟ್ಟಿಗೆಯ ಕೆಂಪಿತ್ತು. ಕುಂಚ ತೊಳೆದುಕೊಂಡೆ.